ಶ್ರಾವ್ಯ ಹೋಗಿ ನಿರೀಕ್ಷಾ ಬಂದದ್ದು

"ಕಿವೀಲಿ ಹೆಸರು ಹೇಳೋ ಶಾಸ್ತ್ರ ಒಂದು ಬೇಡ ಅತ್ತೆ," ಅಂದಳು ಆರಾಧನಾ.

ಬಸವಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ನೆಲಕ್ಕಿಟ್ಟು ಸೊಸೆಯ ಮುಖ ನೋಡಿದಳು. ನಾಮಕರಣಕ್ಕೆ ಇನ್ನು ನಾಲ್ಕೇ ದಿನ. ಮೂರನೇ ತಿಂಗಳಿಗೆ ಇಡಬೇಕಾಗಿದ್ದ ಹೆಸರು ಆಷಾಢ ಅಡ್ಡ ಬಂದು ಶ್ರಾವಣಕ್ಕೆ ಹೋಗಿತ್ತು. ಕೂಸಿಗೆ ಆಗಲೇ ನಾಲ್ಕು ತಿಂಗಳು ತುಂಬಿತ್ತು. ಅವತ್ತು ತಟ್ಟೆಯ ತುಂಬ ಅಕ್ಕಿ ಹರಡಿ, ಅದರ ಮೇಲೆ ಮಗ ನಾಗಭೂಷಣ್ ಉಂಗುರದಲ್ಲಿ ಮಗಳ ಹೆಸರು ಬರೆಯಬೇಕು. ಆಮೇಲೆ ಸೋದರತ್ತೆ, ಅಂದರೆ ಬಸವಮ್ಮನ ಮಗಳು ದಾಕ್ಷಾಯಣಿ, ಕೂಸಿನ ಕಿವಿಗೆ ಬಾಯಿಟ್ಟು ಆ ಹೆಸರನ್ನು ಮೂರು ಸಲ ಹೇಳಬೇಕು. ಕಿವಿಯಲ್ಲಿ ಹೇಳುವ ತನಕ ಕೂಸಿಗೆ ಹೆಸರು ಬಂದ ಹಾಗಲ್ಲ ಅನ್ನುವುದು ಚಾಮರಾಜಪೇಟೆಯ ಆ ಮನೆಯಲ್ಲಿ ತಲೆತಲಾಂತರದಿಂದ ಬಂದ ಮಾತು.

"ಯಾಕೆ ಬೇಡ?"

"ಇನ್ಫೆಕ್ಷನ್ ಆಗುತ್ತೆ ಅಂತ ಡಾಕ್ಟರ್ ಹೇಳಿದಾರೆ."

ಅಷ್ಟು ಹೇಳಿ ಆರಾಧನಾ ಒಣಗಿದ ಬಟ್ಟೆ ತರುತ್ತೇನೆಂದು ತಾರಸಿಗೆ ಹೋದಳು. ಬಟ್ಟೆ ಹರವಿ ಅರ್ಧ ಗಂಟೆಯೂ ಆಗಿರಲಿಲ್ಲ, ಮೇಲೆ ಮೋಡ ಬೇರೆ. ಬಸವಮ್ಮ ಅದನ್ನು ಗಮನಿಸಿದಳು.

ಗಮನಿಸುವುದು ಅವಳಿಗೆ ಕಸುಬಿನಿಂದ ಅಂಟಿದ ಚಾಳಿ. ಗಂಡ ಕೆಂಚಪ್ಪ ತೀರಿಕೊಂಡ ಮೇಲೆ, ನಾಗಭೂಷಣ್ ಓದು ಮುಗಿಸುವವರೆಗೆ, ಕಲಾಸಿಪಾಳ್ಯದ ತಕ್ಕಡಿ ಅಂಗಡಿಯಲ್ಲಿ ಹನ್ನೊಂದು ವರ್ಷ ಅವಳೇ ಕೂತಿದ್ದಳು. ತರಕಾರಿ ವ್ಯಾಪಾರದವರು ರಿಪೇರಿಗೆ ತರುತ್ತಿದ್ದ ತಕ್ಕಡಿಗಳನ್ನು ನೋಡಿ ನೋಡಿ, ಮುಳ್ಳು ನೆಟ್ಟಗೆ ನಿಂತ ಮಾತ್ರಕ್ಕೆ ತೂಕ ಸರಿಯಿದೆ ಎಂದು ನಂಬಬಾರದೆಂದು ಕಲಿತಿದ್ದಳು. ತಟ್ಟೆಯ ತಳಕ್ಕೆ ಕೈ ಹಾಕಿ ಸವರಿ ನೋಡಬೇಕು. ಅಲ್ಲಿ ಯಾರೋ ಮೇಣ ಮೆತ್ತಿರುತ್ತಾರೆ. ಅಂಗಡಿ ಬಿಟ್ಟು ಮನೆಯಲ್ಲಿ ಕೂತ ಮೇಲೂ ಈ ಬುದ್ಧಿ ಹೋಗಲಿಲ್ಲ. ಹಾಲಿನವನಿರಲಿ, ಹೂವಿನವಳಿರಲಿ, ಸ್ವಂತ ನಾದಿನಿ ಕಲ್ಯಾಣಮ್ಮನೇ ಇರಲಿ, ಮಾತಿನ ತಳ ಸವರಿ ನೋಡದೆ ಅವಳು ಯಾರನ್ನೂ ಬಿಡುತ್ತಿರಲಿಲ್ಲ. ಹತ್ತರಲ್ಲಿ ಎಂಟು ಸಲ ಮೇಣ ಸಿಕ್ಕುತ್ತಲೂ ಇತ್ತು.

ಸೊಸೆಯ ಮೇಲಿನ ಅನುಮಾನ ಶುರುವಾಗಿದ್ದು ಹೆಸರಿನಿಂದ. ಬಸುರಿಯಾಗಿದ್ದಾಗಲೇ ಆರಾಧನಾ ಹೆಣ್ಣಾದರೆ ಶ್ರಾವ್ಯ ಎಂದು ಗೊತ್ತುಮಾಡಿಬಿಟ್ಟಿದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಶ್ರಾವ್ಯಾ ಶ್ರಾವ್ಯಾ ಎಂದು ಕರೆದು, ಒದೀತು ನೋಡಿ ಅತ್ತೆ, ಅನ್ನುತ್ತಿದ್ದಳು. ಅವಳಿಗೆ ತಾಯಿಯಿಲ್ಲ. ಬಾಣಂತನವನ್ನು ಬಸವಮ್ಮನೇ ಮಾಡಿದಳು, ಮಗುವನ್ನು ದಿನಾ ಕಾಲಿನ ಮೇಲೆ ಮಲಗಿಸಿಕೊಂಡು ಎರೆದವಳೂ ಅವಳೇ. ಮಗುವಿಗೆ ಎರಡು ತಿಂಗಳಾಗುವ ಹೊತ್ತಿಗೆ, ಇಂಜೆಕ್ಷನ್ ಕೊಡಿಸಲು ಆಸ್ಪತ್ರೆಗೆ ಹೋಗಿ ಬಂದ ಒಂದು ಸಂಜೆ, ಆರಾಧನಾ ಶ್ರಾವ್ಯ ಬೇಡ ಅಂದಳು. ಪಕ್ಕದ ಬೀದಿಯಲ್ಲೇ ಇಬ್ಬರು ಶ್ರಾವ್ಯರಿದ್ದಾರಂತೆ. ನಾಗಭೂಷಣ್ ಮರುಮಾತಾಡದೆ ತಟ್ಟೆಯ ಅನ್ನ ಕಲಸುತ್ತ ಕೂತಿದ್ದ. ಸೊಪ್ಪಿನ ಸಾರಿಗೆ ಉಪ್ಪು ಕಡಿಮೆಯಾದರೂ ಮಾತು ತೆಗೆಯುವ ಹುಡುಗ ಅವನು.

ಆಮೇಲೆ ಒಂದು ದಿನ ಮಗುವಿನ ಬಟ್ಟೆ ಜೋಡಿಸುವಾಗ ಬಸವಮ್ಮನಿಗೆ ಆರಾಧನಾಳ ನೋಟ್‌ಬುಕ್ ಸಿಕ್ಕಿತು. ಓದಬೇಕೆಂದು ತೆರೆದದ್ದಲ್ಲ, ತೆರೆದ ಮೇಲೆ ಮುಚ್ಚಲಿಲ್ಲ, ಅಷ್ಟೇ. ಹಾಲು ಕುಡಿಸಿದ ಹೊತ್ತು, ತೂಕ ಎಲ್ಲ ಬರೆದ ಪುಟಗಳ ಹಿಂದೆ ಹೆಸರುಗಳಿದ್ದವು. ಆಶಾ. ಪ್ರತ್ಯಾಶಾ. ಅಮಲ್, ಅರಬ್ಬಿ. ನಾಡಿಯಾ, ರಷ್ಯಾ. ನೊಜೊಮಿ, ಜಪಾನ್. ಹೀಗೆ ಎರಡು ಪುಟ. ಪ್ರತಿಯೊಂದರ ಎದುರಿಗೂ ಒಂದೇ ಅರ್ಥ ಬರೆದಿತ್ತು: ಭರವಸೆ, ಭರವಸೆ, ಭರವಸೆ. ಕೊನೆಯಲ್ಲಿ ನಿರೀಕ್ಷಾ ಎಂಬುದರ ಕೆಳಗೆ ಎರಡು ಗೆರೆ ಎಳೆದಿತ್ತು. ಮೊದಲ ಪುಟದ ಶ್ರಾವ್ಯ ಎಂಬ ಹೆಸರನ್ನು ಕಾಗದ ಹರಿಯುವಷ್ಟು ಪೆನ್ನು ಒತ್ತಿ ಹೊಡೆದುಹಾಕಿತ್ತು.

ಎಲ್ಲ ಸರಿಯಿರುವ ಮನೆಯಲ್ಲಿ ಭರವಸೆಗೇನು ಕೆಲಸ? ಊರೂರಿನ ಭಾಷೆಯಲ್ಲಿ ಅದನ್ನೇ ಹುಡುಕಿ ಬರೆದುಕೊಂಡವಳಿಗೆ ಏನೋ ಒಂದು ಕೆಟ್ಟಿರಲೇಬೇಕು. ಬೇರೆ ಮನೆ ಮಾಡುವ ಯೋಚನೆಯೇ? ನಾಗಭೂಷಣ್ ಅಂಗಡಿಯಲ್ಲಿ ಕೈ ಸುಟ್ಟುಕೊಂಡನೇ? ಅಥವಾ ಸೊಸೆಯ ಮೈಯಲ್ಲೇ ಏನಾದರೂ ಕಾಯಿಲೆಯೇ? ಬಸವಮ್ಮ ಒಂದೊಂದನ್ನೇ ತೂಗಿ ನೋಡಿದಳು, ಯಾವುದೂ ಕೂಡಿಬರಲಿಲ್ಲ. ಈಚೆಗೆ ಇಂಜೆಕ್ಷನ್ನುಗಳು ಜಾಸ್ತಿಯಾಗಿದ್ದನ್ನೂ ಅವಳು ಲೆಕ್ಕಕ್ಕೆ ತೆಗೆದುಕೊಂಡಳು. ಎರಡು ತಿಂಗಳಲ್ಲಿ ಐದು ಸಲ ಆಸ್ಪತ್ರೆಗೆ ಹೋಗಿದ್ದರು. ಎರೆಯುವಾಗ ತೊಡೆ ತಿರುಗಿಸಿ ನೋಡಿದರೆ ಸೂಜಿಯ ಗುರುತೇ ಇರುತ್ತಿರಲಿಲ್ಲ, ಮಗುವಿಗೆ ಜ್ವರವೂ ಬರುತ್ತಿರಲಿಲ್ಲ. ಈಗ ಈ ಕಿವಿಯ ಇನ್ಫೆಕ್ಷನ್ನು. ಕೆನ್ನೆಗೆ ಮುತ್ತಿಡುವವರನ್ನು ಯಾರೂ ತಡೆದಿರಲಿಲ್ಲ, ಕಿವಿಗೆ ಮಾತ್ರ ತಡೆ.

ಮಾರನೇ ದಿನ ಅವಳು ಎನ್.ಆರ್. ಕಾಲೋನಿಗೆ ಹೋದಳು. ಅಲ್ಲಿ ಗೋದಾ ಟೀಚರ್ ಇದ್ದರು, ಹೈಸ್ಕೂಲಿನಲ್ಲಿ ದಾಕ್ಷಾಯಣಿಗೆ ಸಂಸ್ಕೃತ ಕಲಿಸಿದವರು. ರಿಟೈರಾಗಿ ಹದಿನೈದು ವರ್ಷವಾದರೂ ಹೆಸರಿನ ಅರ್ಥ ಕೇಳಿಕೊಂಡು ಸುತ್ತಮುತ್ತಲಿನವರು ಅವರ ಮನೆಗೇ ಬರುತ್ತಿದ್ದರು. ಫೋನಿನಲ್ಲಿ ಸಿಕ್ಕ ಹೆಸರು, ಫೋನಿನಲ್ಲೇ ಸಿಕ್ಕ ಅರ್ಥ ಹಿಡಿದುಕೊಂಡು ಬಂದವರಿಗೆ, ಈ ಹೆಸರಿಗೆ ಯಾವ ಭಾಷೆಯಲ್ಲೂ ಅರ್ಥವಿಲ್ಲಮ್ಮಾ ಎಂದು ಹೇಳಿ ಕಾಫಿ ಕುಡಿಸಿ ಕಳಿಸುವುದು ಅವರಿಗೆ ಅಭ್ಯಾಸವಾಗಿತ್ತು. ಬಸವಮ್ಮ ಕಾಫಿ ಲೋಟ ಕೈಯಲ್ಲಿ ಹಿಡಿದು, ಸುತ್ತು ಬಳಸದೆ, ನಿರೀಕ್ಷಾ ಅಂದರೇನು ಎಂದು ಕೇಳಿದಳು.

ಟೀಚರ್ ಖುಷಿಯಾದರು. ಕೊನೆಗೂ ಒಂದು ಅರ್ಥವಿರುವ ಹೆಸರು ಬಂತು ಅಂದರು. ಆಶಾ ಅಂದರೂ ಭರವಸೆ, ನಿರೀಕ್ಷಾ ಅಂದರೂ ಭರವಸೆಯೇ. ಆದರೆ ಎರಡೂ ಹುಟ್ಟಿದ ಜಾಗ ಬೇರೆ ಎಂದು, ಎದುರಿಗೆ ಹತ್ತನೇ ಕ್ಲಾಸಿನ ಮಕ್ಕಳು ಕೂತಿರುವ ಹಾಗೆ ಶುರುಮಾಡಿದರು. ಆಶೆ ಮನಸ್ಸಿನೊಳಗೆ ಇರುವಂಥದ್ದು. ನಿರೀಕ್ಷೆ ಹಾಗಲ್ಲ, ಅದರೊಳಗೆ ಈಕ್ಷ್ ಎಂಬ ಧಾತುವಿದೆ, ಹಾಗೆಂದರೆ ನೋಡು. ಬರುವವರ ದಾರಿಯನ್ನು ಕಣ್ಣು ಬಿಟ್ಟು ನೋಡುತ್ತ ಕೂರುವುದೇ ನಿರೀಕ್ಷೆ.

"ಮತ್ತೆ ಶ್ರಾವ್ಯ?" ಎಂದು ಕೇಳಿದಳು ಬಸವಮ್ಮ.

"ಅದು ಕೇಳೋದಕ್ಕೆ ಸಂಬಂಧಪಟ್ಟಿದ್ದು. ಶ್ರು ಅಂದ್ರೆ ಕೇಳು. ಕಿವಿಗೆ ಇಂಪಾಗಿರೋದು ಶ್ರಾವ್ಯ. ಯಾಕೆ, ಮೊದಲು ಅದನ್ನ ಇಡೋಣ ಅಂತಿದ್ರಾ?" ಟೀಚರ್ ನಕ್ಕರು. "ಕಿವಿ ಬಿಟ್ಟು ಕಣ್ಣಿಗೆ ಬಂದಿದಾಳೆ ನಿಮ್ಮ ಸೊಸೆ. ಜಾಣೆ ಬಿಡಿ ಬಸವಮ್ಮನೋರೆ."

ಬಸವಮ್ಮ ನಗಲಿಲ್ಲ. ಲೋಟದಲ್ಲಿ ಅರ್ಧ ಕಾಫಿ ಬಿಟ್ಟು ಎದ್ದಳು. ಆಟೋ ಹಿಡಿಯುವುದು ಮರೆತು ನಡೆದೇಬಿಟ್ಟಳು. ಗಾಂಧಿ ಬಜಾರಿನಲ್ಲಿ ಶ್ರಾವಣದ ಜನಜಂಗುಳಿ, ಸೇವಂತಿಗೆ ಮಾರುವವರು ಒಬ್ಬರಿಗಿಂತ ಒಬ್ಬರು ಜೋರಾಗಿ ಕೂಗುತ್ತಿದ್ದರು. ಅವಳ ತಲೆಯೊಳಗೆ ಬೇರೆ ಸದ್ದುಗಳು ಒಂದೊಂದಾಗಿ ಬರತೊಡಗಿದವು. ಅಡುಗೆಮನೆಯ ಕುಕ್ಕರಿನ ಸೀಟಿ. ಎದುರುಮನೆಯವರು ಮಾಳಿಗೆ ಎಬ್ಬಿಸಲು ಹದಿನೈದು ದಿನ ಗೋಡೆ ಒಡೆದದ್ದು. ಆ ಹದಿನೈದು ದಿನವೂ ಮಗು ತೊಟ್ಟಿಲಲ್ಲಿ ತಣ್ಣಗೆ ಮಲಗಿತ್ತು. ಬಂದವರಿಗೆಲ್ಲ, ನಮ್ಮ ಕೂಸು ಬಂಗಾರ, ಮನೆ ಬಿದ್ದರೂ ಏಳಲ್ಲ ಎಂದು ಅವಳೇ ಹೇಳಿಕೊಂಡು ಮೆರೆದಿದ್ದಳು.

ಮನೆಗೆ ಬಂದಾಗ ಆರಾಧನಾ ಸ್ನಾನಕ್ಕೆ ಹೋಗಿದ್ದಳು. ನಡುಮನೆಯ ತೊಟ್ಟಿಲಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಬಸವಮ್ಮ ಚಪ್ಪಾಳೆ ತಟ್ಟಲು ಕೈಯೆತ್ತಿ ಇಳಿಸಿದಳು. ಚಪ್ಪಾಳೆ ಸಾಲದು ಎನ್ನಿಸಿತು. ಅಡುಗೆಮನೆಗೆ ಹೋಗಿ, ಹಬ್ಬಕ್ಕೆಂದು ಅಟ್ಟದಿಂದ ಇಳಿಸಿದ್ದ ಅಗಲ ತಟ್ಟೆಯಂಥ ದೊಡ್ಡ ಹಿತ್ತಾಳೆ ಪರಾತವನ್ನು ಎರಡೂ ಕೈಯಲ್ಲಿ ಎತ್ತಿ ತಂದಳು. ತೊಟ್ಟಿಲಿನಿಂದ ಮೂರು ಮಾರು ದೂರದಲ್ಲಿ ನಿಂತು, ಎದೆಯೆತ್ತರದಿಂದ ಕೈಬಿಟ್ಟಳು.

ಪರಾತ ಕೆಂಪು ನೆಲಕ್ಕೆ ಅಪ್ಪಳಿಸಿ, ಉರುಳಿ, ಗೋಡೆಗೆ ಬಡಿದು ಸುತ್ತು ಹಾಕುತ್ತ ಬಹಳ ಹೊತ್ತು ಸದ್ದು ಮಾಡಿತು. ಪಕ್ಕದ ಮನೆಯ ನಾಯಿ ಬೊಗಳಿತು. ಮಗುವಿನ ರೆಪ್ಪೆ ಕೂಡ ಅದುರಲಿಲ್ಲ.

ಬಚ್ಚಲಿನ ಬಾಗಿಲು ತೆರೆದು ಆರಾಧನಾ ಒದ್ದೆ ಕೂದಲಲ್ಲೇ ಓಡಿಬಂದಳು. ನೆಲದ ಮೇಲೆ ಬಿದ್ದಿದ್ದ ಪರಾತವನ್ನು ನೋಡಿದಳು, ಮಲಗಿದ್ದ ಮಗುವನ್ನು ನೋಡಿದಳು, ಆಮೇಲೆ ಅತ್ತೆಯನ್ನು ನೋಡಿದಳು. ಅವಳು ಗೋಡೆಗೊರಗಿ ಅಲ್ಲೇ ಕುಸಿದು ಕೂತಳು.

ತನ್ನ ಅನುಮಾನ ನಿಜವಾದಾಗಲೆಲ್ಲ ಬಸವಮ್ಮನಿಗೆ ಒಳಗೊಳಗೇ ಒಂದು ಸಮಾಧಾನವಾಗುತ್ತಿತ್ತು, ನಾನು ಹೇಳಲಿಲ್ಲವೇ ಅನ್ನುವಂಥದ್ದು. ಈ ಸಲ ಬಂದದ್ದು ಬರೀ ಸಂಕಟ. ಊರಿನವರನ್ನೆಲ್ಲ ಅನುಮಾನಿಸಿದವಳಿಗೆ ದಿನಾ ಕಾಲಿನ ಮೇಲೆ ಹಾಕಿಕೊಂಡು ಎರೆದ ಕೂಸಿನ ವಿಷಯ ನಾಲ್ಕು ತಿಂಗಳು ತಿಳಿಯಲಿಲ್ಲ. ಸಂಕಟದ ಬೆನ್ನಿಗೇ ಸಿಟ್ಟೂ ಬಂತು. ಯಾರೋ ಹೊರಗಿನವಳ ಹಾಗೆ ತನ್ನಿಂದ ಮುಚ್ಚಿಟ್ಟರಲ್ಲ ಎಂದು ಕೇಳಿದಳು. ಬಾಣಂತನ ಮಾಡುವಾಗ ಬೇಕಾದ ಅತ್ತೆ ಇದಕ್ಕೆ ಬೇಡವಾದಳೇ ಎಂದು ಕೇಳಿದಳು. ಆರಾಧನಾ ಮುಖವೆತ್ತಿ ನಿಧಾನವಾಗಿ ಮಾತಾಡಿದಳು.

"ನಾನು ಏಳು ತಿಂಗಳ ಬಸುರಿ ಇದ್ದಾಗ ನಾವಿಬ್ರೂ ಹೂವು ತರೋಕೆ ಹೋಗಿದ್ವಿ. ಗಾಂಧಿ ಬಜಾರ್‌ಗೆ. ಅಲ್ಲಿ ಒಬ್ಬ ಗಂಡ ಹೆಂಡ್ತಿ ಕೈಯಲ್ಲೇ ಮಾತಾಡ್ಕೊಂಡು ನಗ್ತಾ ನಿಂತಿದ್ರು. ನೀವು ಸೆರಗು ತೆಗೆದು ನನ್ನ ಕಣ್ಣಿಗೆ ಅಡ್ಡ ಹಿಡಿದ್ರಿ. ನೋಡಬೇಡ, ಹೊಟ್ಟೇಲಿರೋದಕ್ಕೆ ತಗಲುತ್ತೆ ಅಂದ್ರಿ. ನೆನಪಿದೆಯಾ ಅತ್ತೆ?"

ಬಸವಮ್ಮನಿಗೆ ನೆನಪಿತ್ತು. ಅವರು ಮೊಳ ಮಲ್ಲಿಗೆಗೆ ಬೆರಳಿನಲ್ಲೇ ಚೌಕಾಸಿ ಮಾಡುತ್ತಿದ್ದರು, ಹೆಂಗಸು ಹಸಿರು ಚೂಡಿದಾರ್ ಹಾಕಿದ್ದಳು. ಒಳ್ಳೆಯದನ್ನೇ ಮಾಡಿದೆ ಅಂದುಕೊಂಡು ಮನೆಗೆ ಬಂದು ದೃಷ್ಟಿಯನ್ನೂ ತೆಗೆದಿದ್ದಳು.

"ಆ ದಿನ ನಾನು ನೋಡಿದ್ದಕ್ಕೇ ಹೀಗಾಯ್ತು ಅಂತ ನೀವು ಅಂತೀರ. ಇವತ್ತಲ್ಲ ನಾಳೆ ಅಂದೇ ಅಂತೀರ. ಇವಳನ್ನೂ ಸೆರಗು ಅಡ್ಡ ಇಟ್ಟೇ ನೋಡ್ತೀರ. ಆರು ತಿಂಗಳಿಗೆ ಕಿವಿಗೆ ಮಿಷನ್ ಹಾಕಿ ನೋಡ್ತಾರಂತೆ, ವರ್ಷ ತುಂಬಿದ ಮೇಲೆ ಆಪರೇಷನ್ ಮಾಡಬಹುದಂತೆ. ಕೇಳಿಸಬಹುದು, ಕೇಳಿಸದೇನೂ ಇರಬಹುದು. ನಾಮಕರಣ ಮುಗಿಸ್ಕೊಂಡು ಮಗೂನ ಎತ್ಕೊಂಡು ಮೈಸೂರಿಗೆ ನಮ್ಮಣ್ಣನ ಮನೆಗೆ ಹೋಗ್ಬಿಡ್ತೀನಿ. ಅಲ್ಲಿ ಟ್ರೇನಿಂಗ್ ಕೊಡೋರಿದಾರೆ. ಇವ್ರಿಗೂ ಹೇಳಿದೀನಿ. ನಿಮ್ಮ ಕಣ್ಣೆದುರಿಗೆ ಇವಳನ್ನ ಬೆಳೆಸೋಕೆ ನಂಗೆ ಭಯ." ಕೊನೆಗೆ ಕೇಳಿಕೊಂಡಳು, "ನಾಮಕರಣದ ದಿನ ಮಾತ್ರ ಯಾರಿಗೂ ಹೇಳಬೇಡಿ. ಅವತ್ತೊಂದು ದಿನ ಎಲ್ರೂ ಅವಳನ್ನ ಬರೀ ಮಗು ಥರಾ ನೋಡಲಿ."

ಬಸವಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನೋಡಿದ್ದಕ್ಕೇ ಹೀಗಾಯ್ತು ಎಂದು ತಾನು ಅನ್ನುವವಳೇ ಎಂಬುದು ಅವಳಿಗೆ ಗೊತ್ತಿತ್ತು. ಆ ಕ್ಷಣದಲ್ಲೂ ಆ ಮಾತು ಮನಸ್ಸಿನಲ್ಲಿ ಸುಳಿದು ಹೋಗಿತ್ತು. ಸಂಜೆ ನಾಗಭೂಷಣ್ ಅಂಗಡಿಯಿಂದ ಬಂದ. ಹೆಂಡತಿಯಿಂದ ವಿಷಯ ತಿಳಿದುಕೊಂಡು ತಾಯಿಯ ಎದುರು ಬಂದು, ನಿಂಗೆ ಹೆಂಗಮ್ಮ ಹೇಳೋದು ಎಂದಷ್ಟೇ ಹೇಳಿ ಒಳಗೆ ಹೋದ. ಬೆಳೆದ ಮಗನ ಬಾಯಿಂದ ಆ ಮಾತು ಕೇಳಿ ಅವಳಿಗೆ ನಾಚಿಕೆಯಾಯಿತು.

ಆಮೇಲಿನ ಎರಡು ದಿನ ಆ ಮನೆಯಲ್ಲಿ ಅನುಮಾನಿಸುವ ಸರದಿ ಆರಾಧನಾಳದ್ದಾಯಿತು. ಬಸವಮ್ಮ ಫೋನು ಎತ್ತಿಕೊಂಡರೆ ಅವಳು ಬಾಗಿಲ ಬಳಿ ಬಂದು ನಿಲ್ಲುತ್ತಿದ್ದಳು. ಹೂವಿನವಳ ಹತ್ತಿರ ಎರಡು ಮಾತು ಹೆಚ್ಚು ಆಡಿದರೆ ಮಗುವನ್ನು ಎತ್ತಿಕೊಂಡು ಬಂದು, ಏನಂತೆ ಅತ್ತೆ, ಎಂದು ಕೇಳುತ್ತಿದ್ದಳು. ತನ್ನ ಮಾತಿನ ತಳ ಸವರಿ ನೋಡುವ ಕೈ ಹೇಗಿರುತ್ತದೆ ಎಂಬುದು ಬಸವಮ್ಮನಿಗೆ ಅರವತ್ತಮೂರನೇ ವಯಸ್ಸಿನಲ್ಲಿ ತಿಳಿಯಿತು. ಮಗುವಿಗೆ ಎರೆಯುವುದನ್ನು ಮಾತ್ರ ಸೊಸೆ ತಪ್ಪಿಸಲಿಲ್ಲ. ನೀರು ಹೊಯ್ಯುವಾಗ ಬಸವಮ್ಮ ಅಭ್ಯಾಸಬಲದಿಂದ ಹಾಡುತ್ತ, ಮಧ್ಯದಲ್ಲಿ ನಿಲ್ಲಿಸಿಬಿಡುತ್ತಿದ್ದಳು. ಹಾಡು ನಿಂತರೆ ಮಗು ಅವಳ ಮುಖವನ್ನೇ ನೋಡುತ್ತಿತ್ತು. ಇಷ್ಟು ದಿನ ಅದು ನೋಡುತ್ತಿದ್ದುದು ತನ್ನ ಬಾಯಿಯನ್ನು ಎಂದು ಅವಳಿಗೆ ಆಗ ಹೊಳೆಯಿತು.

ನಾಮಕರಣದ ಬೆಳಿಗ್ಗೆ ನಡುಮನೆ ತುಂಬಿತು. ಅಯ್ಯನವರು ಬಂದು ಮಗುವಿನ ಹಣೆಗೆ ವಿಭೂತಿ ಹಚ್ಚಿದರು. ದಾಕ್ಷಾಯಣಿ ತುಮಕೂರಿನಿಂದ ಬಂದಿದ್ದಳು, ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ನಾಗಭೂಷಣ್ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆಯುವಾಗ ಉಂಗುರ ಜಾರಿ ಕ್ಷಾ ಅಕ್ಷರ ಅಳಿಸಿಹೋಗಿ ಎರಡನೇ ಸಲ ಬರೆಯಬೇಕಾಯಿತು. ನಿರೀಕ್ಷಾ ಎಂದು ಎಲ್ಲರೂ ಓದಿದರು, ಚೆನ್ನಾಗಿದೆ ಅಂದರು. ಇನ್ನು ಆರತಿ ಎತ್ತೋಣ ಎಂದು ಆರಾಧನಾ ಆತುರದಿಂದ ಹೇಳಿದಳು.

"ಕಿವೀಲಿ ಹೇಳೋದಿದೆಯಲ್ಲೇ?" ಎಂದಳು ಕಲ್ಯಾಣಮ್ಮ. ಕೆಂಚಪ್ಪನ ತಂಗಿ, ಎಪ್ಪತ್ತರ ಹತ್ತಿರದವಳು, ಶಾಸ್ತ್ರದಲ್ಲಿ ಒಂದು ಎಳೆ ತಪ್ಪಿದರೂ ಬಿಡದವಳು. ದಾಕ್ಷಾಯಣಿ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಿದ್ದಳು. ಆರಾಧನಾ ಮಗುವನ್ನು ಎದೆಗೆ ಒತ್ತಿಕೊಂಡು, ಡಾಕ್ಟರ್ ಬೇಡ ಅಂದಿದಾರೆ, ಎಂದು ಶುರುಮಾಡಿದಳು. ಕಿವಿಯಲ್ಲಿ ಹೆಸರು ಹೇಳುವುದಕ್ಕೆ ಡಾಕ್ಟರಿಗೇನು ಸಂಬಂಧ ಎಂದು ಕಲ್ಯಾಣಮ್ಮ ಹುಬ್ಬು ಗಂಟಿಕ್ಕಿದಳು. ಮಗುವಿಗೆ ಏನಾಗಿದೆ ಎಂದು ಯಾರೋ ಹಿಂದಿನಿಂದ ಕೇಳಿದರು. ಆರಾಧನಾಳ ಕಣ್ಣು ಬಸವಮ್ಮನ ಮೇಲೆ ನಿಂತಿತ್ತು.

ಬಸವಮ್ಮ ಎದ್ದು ಬಂದು ಮಗಳನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

"ಕಿವೀಲಿ ಹೇಳೋದು ನಿಮ್ಮನೆ ಶಾಸ್ತ್ರ. ನಮ್ಮ ತವರಲ್ಲಿ ಹಾಗಲ್ಲ. ಅಜ್ಜಿ ಆದೋಳು ಎದುರು ಕೂತ್ಕೊಂಡು, ಮುಖ ನೋಡ್ಕೊಂಡು ಹೇಳ್ಬೇಕು. ನಾನೇ ಹೇಳ್ತೀನಿ."

"ಇದ್ಯಾವ ಶಾಸ್ತ್ರ ಅತ್ತಿಗೆ? ನಾನು ಕೇಳೇ ಇಲ್ಲ."

"ಇದೆ."

"ದಾಕ್ಷಾಯಣಿಗೆ ಕಿವೀಲೇ ಹೇಳಿದ್ವಲ್ಲ. ನಾನೇ ಹೇಳಿದ್ದು, ಇದೇ ನಡುಮನೇಲಿ."

"ಅವತ್ತು ತಪ್ಪು ಮಾಡಿದ್ವಿ," ಅಂದಳು ಬಸವಮ್ಮ.

ಅಯ್ಯನವರು ಅವಳ ಮುಖವನ್ನು ಒಂದು ಗಳಿಗೆ ನೋಡಿ, ಆಗಲಿ ಬಿಡಿ, ಅವರವರ ಪದ್ಧತಿ, ಅಂದರು. ಕಲ್ಯಾಣಮ್ಮ ಹಿಂದೆ ಸರಿದಳು, ಆದರೆ ಒಂದಕ್ಷರ ನಂಬಿದಂತೆ ಕಾಣಲಿಲ್ಲ. ಬಸವಮ್ಮನಿಗೆ ಅದು ಗೊತ್ತಿತ್ತು. ಜನ್ಮದಲ್ಲಿ ಇಷ್ಟು ಕಚ್ಚಾ ಸುಳ್ಳನ್ನು ಅವಳು ಇಷ್ಟು ಜನರ ಮುಂದೆ ಹೇಳಿರಲಿಲ್ಲ.

ಅವಳು ಮಂಡಿನೋವನ್ನು ನುಂಗಿಕೊಂಡು ಸೊಸೆಯ ಎದುರು ಚಾಪೆಯ ಮೇಲೆ ಕೂತಳು. ಆರಾಧನಾ ಮೊದಲು ಅಲುಗಾಡಲಿಲ್ಲ. ಆಮೇಲೆ ಮಗುವನ್ನು ಎದೆಯಿಂದ ಬಿಡಿಸಿ, ತೊಡೆಯ ಮೇಲೆ ಮುಂದಕ್ಕೆ ತಿರುಗಿಸಿ ಕೂರಿಸಿಕೊಂಡು, ತಾನೇ ಚಾಪೆಯ ಮೇಲೆ ಒಂದು ಗೇಣು ಮುಂದೆ ಸರಿದಳು. ಮಗು ಕಣ್ಣರಳಿಸಿ ಅಜ್ಜಿಯನ್ನು ನೋಡಿತು.

"ನಿರೀಕ್ಷಾ," ಅಂದಳು ಬಸವಮ್ಮ, ತುಟಿಯನ್ನು ಚೆನ್ನಾಗಿ ಬಿಡಿಸಿ, ನಿಧಾನವಾಗಿ. ಮಗು ಅವಳ ಬಾಯಿಯಿಂದ ಕಣ್ಣು ತೆಗೆಯಲಿಲ್ಲ. ಎರಡನೇ ಸಲ ಹೇಳುವಾಗ ಅದೂ ತನ್ನ ಬಾಯಿಯನ್ನು ಸಣ್ಣಗೆ ತೆರೆಯಿತು. ಮೂರನೇ ಸಲಕ್ಕೆಂದು ಅವಳು ಇನ್ನಷ್ಟು ಬಗ್ಗಿದಾಗ ಮಗು ಕೈ ಚಾಚಿ ಅವಳ ಕೆಳತುಟಿಯನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟಿತು. ಉಗುರು ನಾಟಿ ಉರಿಯಿತು. ಹಿಂದೆ ಯಾರೋ ನಕ್ಕರು, ದಾಕ್ಷಾಯಣಿ ಬಿಡಿಸಲು ಬಗ್ಗಿದಳು. ಬಸವಮ್ಮ ಅವಳನ್ನು ಕೈಸನ್ನೆಯಲ್ಲೇ ತಡೆದು, ಹೆಸರನ್ನು ಬಾಯೊಳಗೇ ಇಟ್ಟುಕೊಂಡು, ಮಗು ತಾನಾಗಿ ಬಿಡುವ ತನಕ ಹಾಗೇ ಬಗ್ಗಿ ಕೂತಿದ್ದಳು.